ಕೇಸೂ ಹಾಕಲಿಲ್ಲ, ಬಿಡಲೂ ಇಲ್ಲ

ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ನೈಜೀರಿಯಾದಲ್ಲಿ 1966ರ ಜನವರಿಯಲ್ಲಿ ದಂಗೆ ಎದ್ದ ಸೇನಾಧಿಕಾರಿಗಳನ್ನು ಒಂದು ವರ್ಷಕ್ಕೂ ಜಾಸ್ತಿ ಕಾಲ ಯಾವ ಕೇಸೂ ಹಾಕದೆ ಜೈಲಿನಲ್ಲಿ ಇಟ್ಟುಕೊಂಡಿದ್ದರು, ಅದು ತಪ್ಪು ಅಂತ. ಅಷ್ಟೇ. ಆ ಒಂದು ಸಾಲಿಗೆ ರಾಶಿ ಪತ್ರಗಳು ಬಂದಿವೆ. ಅರ್ಧಕ್ಕರ್ಧ ಸಿಟ್ಟಿನವು. ಪ್ರಧಾನಿಯನ್ನೇ ಕೊಂದವರ ಮೇಲೆ ನಿಮಗೇಕೆ ಕನಿಕರ ಅಂತ ಕೇಳಿದ್ದಾರೆ. ಸಿಟ್ಟು ಸಹಜ, ಪ್ರಶ್ನೆಯೂ ನ್ಯಾಯವಾದದ್ದೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದವನು. ತನ್ನ ಮೇಲಧಿಕಾರಿಯನ್ನು ಅವನ ಮನೆಗೇ ನುಗ್ಗಿ ಕೊಲ್ಲುವವನು ಸೈನಿಕನೇ ಅಲ್ಲ. ಅಂಥವರನ್ನು ಜೈಲಿಗೆ ಹಾಕಿದ್ದೇ ದೊಡ್ಡ ಉಪಕಾರ. ಚಾರ್ಜ್ ಹಾಕಿದರೇನು, ಬಿಟ್ಟರೇನು? (ನಿವೃತ್ತ ಸುಬೇದಾರರು, ಸೋಮವಾರಪೇಟೆ)

ಸುಬೇದಾರ್ ಸಾಹೇಬರೇ, ನಿಮ್ಮ ಸಿಟ್ಟಿನಲ್ಲಿ ನಾನೂ ಪಾಲುದಾರ. ಆ ರಾತ್ರಿ ನಡೆದದ್ದನ್ನು ಓದಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. 1966ರ ಜನವರಿ 15ರ ಬೆಳಗಿನ ಜಾವ ಒಂದಷ್ಟು ಜನ ಮೇಜರ್‌ಗಳು ಲಾಗೋಸ್, ಕಡುನಾ, ಇಬಾಡಾನ್ ಊರುಗಳಲ್ಲಿ ಒಟ್ಟಿಗೆ ಎದ್ದರು. ಪ್ರಧಾನಿ ಅಬುಬಕರ್ ತಫಾವಾ ಬಲೇವಾ ಅವರನ್ನು ಮನೆಯಿಂದ ಎತ್ತಿಕೊಂಡು ಹೋದರು, ಕೆಲವು ದಿನ ಆದಮೇಲೆ ಅವರ ಹೆಣ ರಸ್ತೆ ಪಕ್ಕದಲ್ಲಿ ಸಿಕ್ಕಿತು. ಉತ್ತರ ಪ್ರಾಂತ್ಯದ ಪ್ರೀಮಿಯರ್ (ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ) ಅಹ್ಮದು ಬೆಲ್ಲೊ ಸತ್ತರು. ಪಶ್ಚಿಮ ಪ್ರಾಂತ್ಯದ ಪ್ರೀಮಿಯರ್ ಅಕಿಂಟೋಲಾ ಸತ್ತರು. ಸೈನ್ಯದಲ್ಲೇ ಲೆಫ್ಟಿನೆಂಟ್ ಕರ್ನಲ್ ಮತ್ತು ಅದಕ್ಕೂ ಮೇಲಿನ ಏಳು ಜನ ಹಿರಿಯ ಅಧಿಕಾರಿಗಳನ್ನು ಅವರದೇ ಕಿರಿಯರು ಕೊಂದರು. ಬ್ರಿಗೇಡಿಯರ್ ಅಡೆಮುಲೆಗುನ್ ಅವರನ್ನು ಮಲಗುವ ಕೋಣೆಯಲ್ಲಿ ಗುಂಡಿಟ್ಟರು, ಪಕ್ಕದಲ್ಲಿದ್ದ ಹೆಂಡತಿಯನ್ನೂ ಬಿಡಲಿಲ್ಲ.

ಇಷ್ಟು ದೊಡ್ಡ ಅಪರಾಧ ಅಂತಲೇ ನಾನು ಚಾರ್ಜ್ ಬೇಕಿತ್ತು ಅನ್ನುವುದು. ಸೈನ್ಯದ ಕಾನೂನು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಮ್ಮಲ್ಲಿ ಒಬ್ಬ ಜವಾನನನ್ನು ಕಾವಲು ಕೋಣೆಯಲ್ಲಿ, ಅಂದರೆ ಕ್ವಾರ್ಟರ್ ಗಾರ್ಡ್‌ನಲ್ಲಿ ಕೂರಿಸಿದರೆ ವಿಷಯ ಸಿಓ (ಪಲ್ಟನ್ನಿನ ಕಮಾಂಡಿಂಗ್ ಆಫೀಸರ್) ಸಾಹೇಬರಿಗೆ ತಿಳಿದ 48 ಗಂಟೆಯೊಳಗೆ ಅವನ ಮೇಲಿನ ಆರೋಪದ ತನಿಖೆ ಶುರುವಾಗಬೇಕು, ತೀರಾ ಆಗದ ಪರಿಸ್ಥಿತಿ ಇದ್ದರೆ ಮಾತ್ರ ಬೇರೆ ಮಾತು. ಎಂಟು ದಿನ ಆದರೂ ಕೋರ್ಟ್ ಮಾರ್ಷಲ್ (ಸೈನ್ಯದ ಕೋರ್ಟು) ಕೂರಿಸಲು ಆದೇಶ ಆಗಿಲ್ಲ ಅಂದರೆ ಯಾಕೆ ತಡ ಅಂತ ಮೇಲಕ್ಕೆ ಬರೆದು ಕಳಿಸಬೇಕು, ಮತ್ತೆ ಪ್ರತಿ ಎಂಟು ದಿನಕ್ಕೊಮ್ಮೆ ಬರೆಯುತ್ತಲೇ ಇರಬೇಕು. 1950ರ ಆರ್ಮಿ ಆಕ್ಟ್‌ನಲ್ಲಿ ಇದು ಕಪ್ಪು ಬಿಳುಪಿನಲ್ಲಿದೆ. ಸೈನಿಕನ ಮೇಲೆ ಕರುಣೆ ಉಕ್ಕಿ ಬರೆದ ನಿಯಮ ಅಲ್ಲ ಇದು. ಕಾರಣ ಹೇಳದೆ ಒಬ್ಬನನ್ನು ಒಳಗಿಟ್ಟರೆ ಇಡೀ ಪಲ್ಟನ್‌ನಲ್ಲಿ ಪಿಸುಮಾತು ಶುರುವಾಗುತ್ತದೆ, ಶಿಸ್ತು ಕೆಡುತ್ತದೆ. ಅದು ಸೈನ್ಯ ಕಟ್ಟಿದವರಿಗೆ ಗೊತ್ತಿತ್ತು. ನೈಜೀರಿಯಾದಲ್ಲಿ ಆದದ್ದೂ ಅದೇ. ಮುಂದಿನ ಉತ್ತರದಲ್ಲಿ ವಿವರವಾಗಿ ಬರೆದಿದ್ದೇನೆ, ದಯವಿಟ್ಟು ಓದಿ.

ಇನ್ನೂ ಒಂದು ಮಾತು. ಸತ್ತ ಆ ಏಳು ಅಧಿಕಾರಿಗಳ ಮನೆಯವರನ್ನು ನೆನೆಸಿಕೊಳ್ಳಿ. ನಿಮ್ಮ ಗಂಡನನ್ನು ಇಂಥವನು, ಇಂಥವನ ಮಾತು ಕೇಳಿ ಕೊಂದ, ಇದು ಸಾಕ್ಷಿ, ಇದು ಶಿಕ್ಷೆ ಅಂತ ಒಂದು ಕೋರ್ಟು ಕೂತು ಅವರಿಗೆ ಹೇಳಲಿಲ್ಲ. ಚಾರ್ಜ್ ಹಾಕದೆ ಇದ್ದದ್ದರಿಂದ ಮೋಸ ಹೋದವರಲ್ಲಿ ಮೊದಲಿಗರು ಅವರೇ ಅಲ್ವಾ?

ಪ್ರಶ್ನೆ: ಆ ಮೇಜರ್‌ಗಳಿಗೆ ಕೊನೆಗೆ ಏನಾಯಿತು? ವಿಚಾರಣೆ ಯಾಕೆ ನಡೆಸಲಿಲ್ಲ? ನಮ್ಮ ಪಠ್ಯದಲ್ಲಿ ಬಿಯಾಫ್ರಾ ಯುದ್ಧ ಅಂತ ಎರಡು ಸಾಲು ಇದೆ ಅಷ್ಟೇ. (ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಸ್ವಲ್ಪ ಉದ್ದ ಆಗುತ್ತದಮ್ಮಾ, ಆದರೆ ಇಡೀ ವಿಷಯದ ತಿರುಳು ಇಲ್ಲೇ ಇದೆ.

ದಂಗೆ ಪೂರ್ತಿ ಗೆಲ್ಲಲಿಲ್ಲ. ಲಾಗೋಸ್‌ನಲ್ಲಿ ಸೈನ್ಯದ ಮುಖ್ಯಸ್ಥ ಮೇಜರ್ ಜನರಲ್ ಇರೊನ್ಸಿ ತಪ್ಪಿಸಿಕೊಂಡು, ತಮಗೆ ನಿಷ್ಠರಾದ ಪಡೆಗಳನ್ನು ಒಟ್ಟು ಮಾಡಿ ದಂಗೆಯನ್ನು ಅಡಗಿಸಿದರು. ಉಳಿದಿದ್ದ ಮಂತ್ರಿಗಳು ಅಧಿಕಾರವನ್ನು ಅವರ ಕೈಗೇ ಕೊಟ್ಟರು. ಹಾಗಾಗಿ ದಂಗೆ ಸೋತರೂ ಆಡಳಿತ ಸೈನ್ಯದ ಪಾಲಾಯಿತು. ಉತ್ತರದ ಕಡುನಾ ನಗರ ಮಾತ್ರ ಮೇಜರ್ ನ್ಜೆಯೋಗು ಕೈಯಲ್ಲಿತ್ತು. ಹುಟ್ಟಿದ್ದು ಅದೇ ಊರಲ್ಲಿ, ಹೆಸರಿನಲ್ಲೇ ಕಡುನಾ ಸೇರಿಕೊಂಡಿತ್ತು, ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಆತ ಷರತ್ತು ಇಟ್ಟು ಶರಣಾದ. ನನಗೂ ನನ್ನ ಜೊತೆಗಾರರಿಗೂ ರಕ್ಷಣೆ ಕೊಡಬೇಕು, ನಮ್ಮ ಮೇಲೆ ಈಗಲಾಗಲಿ ಮುಂದಾಗಲಿ ಕೇಸು ನಡೆಸಬಾರದು ಅನ್ನುವುದು ಆ ಷರತ್ತುಗಳಲ್ಲಿ ಮುಖ್ಯವಾದದ್ದು. ಲಾಗೋಸ್‌ಗೆ ಕರೆತಂದರು, ಕಿರಿಕಿರಿ ಜೈಲಿಗೆ ಹಾಕಿದರು. ಕಿರಿಕಿರಿ ಅನ್ನುವುದು ಅಲ್ಲಿನ ಒಂದು ಜಾಗದ ಹೆಸರು, ಇವತ್ತಿಗೂ ಆ ಜೈಲು ಇದೆ.

ಇನ್ನೊಬ್ಬ ಮುಖ್ಯ ಆರೋಪಿ ಮೇಜರ್ ಇಮ್ಯಾನುಯೆಲ್ ಇಫೆಯಾಜುನಾ. ಈತನ ಕಥೆ ಕೇಳಿದರೆ ಮನಸ್ಸಿಗೆ ಕಷ್ಟವಾಗುತ್ತದೆ. 1954ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕೂಟದಲ್ಲಿ ಹೈಜಂಪ್‌ನಲ್ಲಿ 6 ಅಡಿ 8 ಇಂಚು ಹಾರಿ ಚಿನ್ನ ಗೆದ್ದವನು. ಅಂಥ ಅಂತರರಾಷ್ಟ್ರೀಯ ಕೂಟದಲ್ಲಿ ಚಿನ್ನ ಗೆದ್ದ ಮೊದಲ ಕಪ್ಪು ಆಫ್ರಿಕನ್. ಶಾಲೆ ಮಕ್ಕಳ ನೋಟ್‌ಬುಕ್ ಮೇಲೆ ಅವನ ಚಿತ್ರ ಅಚ್ಚಾಗುತ್ತಿತ್ತು. ದಂಗೆ ಆದಮೇಲೆ ಘಾನಾಕ್ಕೆ ಓಡಿಹೋಗಿದ್ದ, ಅಲ್ಲಿಂದ ವಾಪಸ್ ಕರೆಸಿ ಅವನನ್ನೂ ಒಳಗೆ ಹಾಕಿದರು.

ಈಗ ಇರೊನ್ಸಿ ಮುಂದೆ ಎರಡು ದಾರಿ ಇದ್ದವು. ಕೋರ್ಟ್ ಮಾರ್ಷಲ್ ನಡೆಸುವುದು, ಇಲ್ಲವೇ ಬಿಟ್ಟುಬಿಡುವುದು. ಎರಡೂ ಕಷ್ಟದ ದಾರಿ. ದಕ್ಷಿಣದಲ್ಲಿ ಆ ಮೇಜರ್‌ಗಳು ಬಹಳ ಜನಕ್ಕೆ ಹೀರೋಗಳು, ಭ್ರಷ್ಟ ರಾಜಕಾರಣಿಗಳಿಂದ ದೇಶ ಬಿಡಿಸಿದವರು ಅಂತ ಪತ್ರಿಕೆಗಳು ಹೊಗಳುತ್ತಿದ್ದವು. ಉತ್ತರದಲ್ಲಿ ಅವರು ಕೊಲೆಗಡುಕರು. ದಂಗೆಕೋರರಲ್ಲಿ ಹೆಚ್ಚಿನವರು ಪೂರ್ವ ಭಾಗದ ಇಗ್ಬೊ ಜನಾಂಗದವರು, ಸತ್ತ ದೊಡ್ಡವರಲ್ಲಿ ಹೆಚ್ಚಿನವರು ಉತ್ತರ ಮತ್ತು ಪಶ್ಚಿಮದವರು, ಜೊತೆಗೆ ಇರೊನ್ಸಿ ಕೂಡ ಇಗ್ಬೊ. ಪೂರ್ತಿ ಚಿತ್ರ ಅಷ್ಟು ನೇರವಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ದಂಗೆಕೋರರಲ್ಲಿ ಅಡೆಮೊಯೆಗಾ ಅನ್ನುವ, ಪಶ್ಚಿಮದ ಯೊರುಬಾ ಜನಾಂಗದ ಮೇಜರ್ ಇದ್ದ. ಸತ್ತ ಅಧಿಕಾರಿಗಳಲ್ಲಿ ಉನೆಗ್ಬೆ ಅನ್ನುವವರು ಇಗ್ಬೊ. ಆದರೆ ಇದನ್ನೆಲ್ಲ ತೆರೆದ ಕೋರ್ಟಿನಲ್ಲಿ ಇಟ್ಟಿದ್ದರೆ ತಾನೇ ಜನಕ್ಕೆ ಗೊತ್ತಾಗುವುದು?

ಇರೊನ್ಸಿ ಎರಡೂ ದಾರಿ ಬಿಟ್ಟು ಮೂರನೆಯದು ಹಿಡಿದರು. ಸುಮ್ಮನಿದ್ದರು. ಅಧಿಕಾರ ಹಿಡಿದ ಹೊಸದರಲ್ಲೇ ಡಿಕ್ರಿ ಸಂಖ್ಯೆ 3 ಅಂತ ಒಂದು ಬಂತು. ನಮ್ಮಲ್ಲಿ ಡಿಕ್ರಿ ಅಂದರೆ ಜಮೀನಿನ ಕೇಸಿನಲ್ಲಿ ಕೋರ್ಟು ಕೊಡುವ ಆದೇಶ. ಅಲ್ಲಿ ಡಿಕ್ರಿ ಅಂದರೆ ಸೇನಾ ಸರ್ಕಾರ ಹೊರಡಿಸುವ ಕಾನೂನು, ಪಾರ್ಲಿಮೆಂಟೂ ಇಲ್ಲ, ಚರ್ಚೆಯೂ ಇಲ್ಲ. ದೇಶದ ಭದ್ರತೆ ಅಂತ ಹೇಳಿ ಯಾರನ್ನಾದರೂ ಆರೋಪ ಇಲ್ಲದೆ ಹಿಡಿದಿಡಲು ಆ ಡಿಕ್ರಿ ದಾರಿ ಮಾಡಿಕೊಟ್ಟಿತು. ಸೇನಾ ಸರ್ಕಾರದ ಮೇಲ್ಮಂಡಳಿಯಾದ ಸುಪ್ರೀಂ ಮಿಲಿಟರಿ ಕೌನ್ಸಿಲ್ ಸಭೆಗಳಲ್ಲಿ ಕೋರ್ಟ್ ಮಾರ್ಷಲ್ ಮಾತು ಬರುತ್ತಿತ್ತು, ಮುಂದಕ್ಕೆ ಹೋಗುತ್ತಿತ್ತು. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು, ಜುಲೈ ಬಂತು.

ಅಷ್ಟರಲ್ಲಿ ಬ್ಯಾರಕ್‌ಗಳಲ್ಲಿ ಉತ್ತರದ ಸೈನಿಕರು ಏನು ಮಾತಾಡಿಕೊಳ್ಳುತ್ತಿದ್ದರು ಅಂದರೆ, ನಮ್ಮ ದೊಡ್ಡವರನ್ನು ಕೊಂದವರಿಗೆ ಜೈಲಿನಲ್ಲಿ ರಾಜೋಪಚಾರ ನಡೀತಾ ಇದೆ, ತಿಂಗಳ ಸಂಬಳವೂ ಸೇರ್ತಾ ಇದೆ, ಇರೊನ್ಸಿ ತಮ್ಮವರನ್ನು ಕಾಪಾಡ್ತಾ ಇದಾರೆ. ಆ ಕಡೆ ಬಂಧಿತರ ಕಡೆಯವರ ದೂರು ಬೇರೆ, ಕೊಟ್ಟ ಮಾತಿಗೆ ತಪ್ಪಿದರು ಅಂತ. ಒಂದೇ ಬಂಧನ, ಎರಡೂ ಕಡೆಗೆ ಮೋಸದ ಹಾಗೆ ಕಂಡಿತು. ಬೂದಿ ಮುಚ್ಚಿದ ಕೆಂಡ ಅದು.

1966ರ ಜುಲೈ 29ರಂದು ಉತ್ತರದ ಅಧಿಕಾರಿಗಳು ತಿರುಗಿಬಿದ್ದರು. ಇಬಾಡಾನ್‌ನಲ್ಲಿ ಇರೊನ್ಸಿಯನ್ನು ಹಿಡಿದು ಕೊಂದರು, ಅವರಿಗೆ ಆತಿಥ್ಯ ಕೊಟ್ಟಿದ್ದ ಗವರ್ನರ್ ಫಜುಯಿ ಅವರನ್ನೂ ಕೊಂದರು. ಪೂರ್ವ ಭಾಗದ ನೂರಾರು ಅಧಿಕಾರಿಗಳು, ಸೈನಿಕರು ತಮ್ಮದೇ ಬ್ಯಾರಕ್‌ಗಳಲ್ಲಿ ಹೆಣವಾದರು. ಜನವರಿಯ ಬಂಧಿತರಲ್ಲಿ ಪಶ್ಚಿಮದ ಕಡೆಯ ಜೈಲುಗಳಲ್ಲಿದ್ದ ಕೆಲವರನ್ನು ಸೈನಿಕರು ಹೊರಗೆಳೆದು ಮುಗಿಸಿದರು. ಅಲ್ಲಿಗೆ ಅವರ ವಿಚಾರಣೆಯೂ ಮುಗಿದ ಹಾಗೆ. 31 ವರ್ಷದ ಯಾಕುಬು ಗೋವನ್ ದೇಶದ ಮುಖ್ಯಸ್ಥರಾದರು. ಅದಾದ ಮೇಲೆ ಉತ್ತರದಲ್ಲಿ ಇಗ್ಬೊ ಜನರ ಸಾಮೂಹಿಕ ಕೊಲೆಗಳು ನಡೆದವು. ಅದನ್ನು ಈ ಅಂಕಣದಲ್ಲಿ ನಾಲ್ಕು ಸಾಲಿನಲ್ಲಿ ಬರೆದು ಮುಗಿಸುವುದು ಸರಿಯಲ್ಲ, ಇನ್ನೊಮ್ಮೆ ಬರೆಯುತ್ತೇನೆ.

ನ್ಜೆಯೋಗು, ಇಫೆಯಾಜುನಾ ಸೇರಿ, ಅಷ್ಟರಲ್ಲಿ ಪೂರ್ವ ಪ್ರಾಂತ್ಯದ ಜೈಲುಗಳಿಗೆ ಸಾಗಿಸಿದ್ದವರು ಬದುಕಿದರು. ಅಲ್ಲಿನ ಗವರ್ನರ್ ಓಜುಕ್ವು 1967ರ ಮಾರ್ಚ್‌ನಲ್ಲಿ ಅವರನ್ನು ಬಿಡಿಸಿದರು. ಹದಿನಾಲ್ಕು ತಿಂಗಳು. ಒಂದು ದಿನವೂ ಯಾವ ಕೋರ್ಟಿನ ಮುಂದೂ ನಿಲ್ಲಲಿಲ್ಲ. ಮೇ 30ಕ್ಕೆ ಪೂರ್ವ ಪ್ರಾಂತ್ಯ ಬಿಯಾಫ್ರಾ ಅನ್ನುವ ಪ್ರತ್ಯೇಕ ದೇಶ ಅಂತ ಘೋಷಣೆ, ಜುಲೈ 6ಕ್ಕೆ ಯುದ್ಧ. ನ್ಜೆಯೋಗು ಅದೇ ತಿಂಗಳ ಕೊನೆಯಲ್ಲಿ ನ್ಸುಕ್ಕಾ ಹತ್ತಿರ ಕಾದಾಡುತ್ತಾ ಸತ್ತ. ಶತ್ರು ಪಕ್ಷದ ಗೋವನ್ ಸರ್ಕಾರವೇ ಅವನನ್ನು ಕಡುನಾದಲ್ಲಿ ಸೈನಿಕ ಗೌರವದಿಂದ ಹೂಳಿಸಿತು. ಇಫೆಯಾಜುನಾನನ್ನು ಸೆಪ್ಟೆಂಬರ್‌ನಲ್ಲಿ ಓಜುಕ್ವು ಸರ್ಕಾರವೇ ದ್ರೋಹದ ಆರೋಪ ಹೊರಿಸಿ ಗುಂಡಿಟ್ಟು ಕೊಂದಿತು. ಜನವರಿ 15ರ ರಾತ್ರಿಯ ಕೊಲೆಗಳ ಬಗ್ಗೆ ಅವನನ್ನು ಯಾವ ಕೋರ್ಟೂ ಕೇಳಲೇ ಇಲ್ಲ.

ಯುದ್ಧ ಬರೀ ಇದೊಂದರಿಂದ ಬಂತು ಅಂತ ನಾನು ಹೇಳುವುದಿಲ್ಲ. ಮೇ ತಿಂಗಳಲ್ಲಿ ಇರೊನ್ಸಿ ಪ್ರಾಂತ್ಯಗಳನ್ನು ತೆಗೆದು ಇಡೀ ದೇಶಕ್ಕೆ ಒಂದೇ ಆಡಳಿತ ಅಂದದ್ದು, ಬ್ರಿಟಿಷರು ಕಟ್ಟಿಕೊಟ್ಟ ಪ್ರಾಂತ್ಯಗಳ ನಡುವಿನ ಜಗಳ, ಚುನಾವಣೆಯ ಅಕ್ರಮ, ಎಲ್ಲಾ ಸೇರಿತ್ತು. ಆದರೆ ಜುಲೈನಲ್ಲಿ ಬಂದೂಕು ಎತ್ತಿದವರು ಹೇಳಿಕೊಂಡ ಕಾರಣಗಳಲ್ಲಿ ಆ ಬಂಧಿತರಿಗೆ ವಿಚಾರಣೆ ಆಗಲಿಲ್ಲ ಅನ್ನುವುದು ದೊಡ್ಡದು.

ಪ್ರಶ್ನೆ: ಅವರಲ್ಲಿ ಎಲ್ಲರೂ ತಪ್ಪಿತಸ್ಥರೇ ಇದ್ದರಲ್ಲ? ನಿರಪರಾಧಿ ಯಾರಾದರೂ ಸಿಕ್ಕಿಬಿದ್ದಿದ್ದರೆ ಹೇಳಿ. (ಉಡುಪಿಯಿಂದ ಒಬ್ಬರು)

ವಿಕ್ಟರ್ ಬಾಂಜೊ.

ಲೆಫ್ಟಿನೆಂಟ್ ಕರ್ನಲ್. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ, ಮೆಕ್ಯಾನಿಕಲ್ ಎಂಜಿನಿಯರ್, ನೈಜೀರಿಯಾ ಸೈನ್ಯದ ಎಲೆಕ್ಟ್ರಿಕಲ್ ಮೆಕ್ಯಾನಿಕಲ್ ವಿಭಾಗಕ್ಕೆ ಮೊದಲ ನೈಜೀರಿಯನ್ ಮುಖ್ಯಸ್ಥ. ಯೊರುಬಾ ಜನಾಂಗದವರು. ದಂಗೆಯಾದ ಎರಡು ಮೂರು ದಿನದಲ್ಲಿ ಇರೊನ್ಸಿಯನ್ನು ಕಾಣಲು ಹೋದ ಕಡೆಯೇ ಅವರನ್ನು ಹಿಡಿದರು. ಇರೊನ್ಸಿಯನ್ನು ಕೊಲ್ಲಲು ಬಂದಿದ್ದರು ಅಂತ ಮಾತು. ಬಾಂಜೊ ಇಲ್ಲ ಅಂದರು, ಕೊನೆವರೆಗೂ ಇಲ್ಲ ಅಂತಲೇ ಹೇಳಿದರು. ದಂಗೆಕೋರರ ಗುಂಪಿನಲ್ಲಿ ಅವರು ಇರಲಿಲ್ಲ.

ನಿರಪರಾಧಿ ಅಂತ ನಾನು ಇಲ್ಲಿ ಕೂತು ತೀರ್ಪು ಕೊಟ್ಟರೆ ನಾನೂ ಅದೇ ತಪ್ಪು ಮಾಡಿದ ಹಾಗೆ. ಸಾಕ್ಷಿ ಇಟ್ಟು ನೋಡಬೇಕಿತ್ತು, ಯಾರೂ ಇಡಲಿಲ್ಲ. ಕೇಸು ಇದ್ದಿದ್ದರೆ ಬಾಂಜೊ ಎದ್ದು ನಿಂತು, ನಾನು ಯಾಕೆ ಹೋಗಿದ್ದೆ, ಯಾರು ಕರೆದಿದ್ದರು, ಯಾರು ನೋಡಿದ್ದರು ಅಂತ ಹೇಳಬಹುದಿತ್ತು. ಆರೋಪವೇ ಇಲ್ಲದವನು ಯಾವ ಆರೋಪಕ್ಕೆ ಉತ್ತರ ಕೊಡುತ್ತಾನೆ? ಕೊಂದೆವು ಅಂತ ಎದೆ ತಟ್ಟಿ ಹೇಳಿಕೊಂಡವರಿಗೂ, ನಾನಲ್ಲ ಅಂತ ಅಂಗಲಾಚಿದವರಿಗೂ ಒಂದೇ ಬೀಗ. ಜೈಲಿನಿಂದ ಅವರು ಹೆಂಡತಿಗೆ ಬರೆದ ಕಾಗದಗಳು ಎಷ್ಟೋ ವರ್ಷ ಆದಮೇಲೆ ಪುಸ್ತಕವಾಗಿ ಬಂದಿವೆ.

ಅವರನ್ನೂ ಓಜುಕ್ವು ಬಿಡಿಸಿದರು. ಎಲ್ಲಿಗೆ ಹೋಗಬೇಕು ಅವರು? ಲಾಗೋಸ್‌ಗೆ ಹೋದರೆ ಮತ್ತೆ ಜೈಲೋ, ಇನ್ನೂ ಕೆಟ್ಟದ್ದೋ. ಪೂರ್ವದಲ್ಲೇ ಉಳಿದರು. 1967ರ ಆಗಸ್ಟ್‌ನಲ್ಲಿ ಬಿಯಾಫ್ರಾ ಪಡೆಗಳು ಮಧ್ಯಪಶ್ಚಿಮ ಪ್ರಾಂತ್ಯಕ್ಕೆ ನುಗ್ಗಿದಾಗ ಅದರ ನಾಯಕತ್ವ ಇವರದೇ. ಆ ದಂಡಯಾತ್ರೆ ಮುರಿದುಬಿತ್ತು. ಓಜುಕ್ವು ವಿರುದ್ಧ ಸಂಚು ಮಾಡಿದರು ಅಂತ ಸೆಪ್ಟೆಂಬರ್‌ನಲ್ಲಿ ಇಫೆಯಾಜುನಾ ಮತ್ತು ಇನ್ನಿಬ್ಬರ ಜೊತೆ ಎನುಗುವಿನಲ್ಲಿ ಗುಂಡಿಟ್ಟರು. ಒಬ್ಬ ಎಂಜಿನಿಯರ್ ಅಧಿಕಾರಿ. ಇಪ್ಪತ್ತು ತಿಂಗಳಲ್ಲಿ ಎರಡು ಸರ್ಕಾರಗಳು ಅವರನ್ನು ಹಿಡಿದವು. ಬಾಂಜೊ ಬಗ್ಗೆ ಬರೆಯುವಾಗ ನನಗೆ ಕೈ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ತಂದೆ ಎಂಬತ್ತರ ದಶಕದಲ್ಲಿ ಉತ್ತರ ನೈಜೀರಿಯಾದ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ ಮೇಷ್ಟ್ರಾಗಿದ್ದರು. ಬುಹಾರಿ ಕಾಲದಲ್ಲಿ ಜನ ಮಾತಾಡಲು ಹೆದರುತ್ತಿದ್ದರು, ಆಮೇಲೆ ಅವರನ್ನೇ ಹಿಡಿದು ಒಳಗೆ ಹಾಕಿದರು ಅಂತ ಹೇಳುತ್ತಿದ್ದರು. ಮಾಡಿದ್ದುಣ್ಣೋ ಮಹಾರಾಯ ಅಂತ ಇದಕ್ಕೇ ಅಲ್ಲವೇ ಅನ್ನೋದು? (ಮೈಸೂರಿನ ಗೃಹಿಣಿ)

ನಿಮ್ಮ ತಂದೆಯವರ ನೆನಪು ಸರಿಯಾಗಿದೆ. ಆ ಕಾಲಕ್ಕೆ ನಮ್ಮ ದೇಶದಿಂದ ಬಹಳ ಜನ ಮೇಷ್ಟ್ರುಗಳು ಅಲ್ಲಿಗೆ ಹೋಗಿದ್ದರು. ಅವರ ಮನೆಗಳಲ್ಲಿ ಇಂಥ ನೆನಪುಗಳು ಇನ್ನೂ ಎಷ್ಟಿವೆಯೋ, ಬರೆದಿಟ್ಟುಕೊಳ್ಳಿ ಅಕ್ಕಾ.

ಮೇಜರ್ ಜನರಲ್ ಮೊಹಮ್ಮದು ಬುಹಾರಿ 1983ರ ಡಿಸೆಂಬರ್ 31ರ ದಂಗೆಯಿಂದ ಅಧಿಕಾರಕ್ಕೆ ಬಂದರು. 1984ರಲ್ಲಿ ಡಿಕ್ರಿ ಸಂಖ್ಯೆ 2 ತಂದರು. ಸರ್ಕಾರದ ಎರಡನೇ ದೊಡ್ಡ ಮನುಷ್ಯ ಟುಂಡೆ ಇಡಿಯಾಗ್ಬೊನ್ ಒಂದು ಸಹಿ ಹಾಕಿದರೆ ಸಾಕು, ದೇಶದ ಭದ್ರತೆಗೆ ಅಪಾಯ ಅಂತ ಯಾರನ್ನಾದರೂ ಮೂರು ತಿಂಗಳು ಒಳಗಿಡಬಹುದು. ಮೂರು ತಿಂಗಳು ಮುಗಿದರೆ ಮತ್ತೊಂದು ಸಹಿ. ಆರೋಪ ಹೇಳಬೇಕಾಗಿಲ್ಲ. ಕೋರ್ಟು ಕೇಳುವ ಹಾಗಿಲ್ಲ. 1966ರ ಡಿಕ್ರಿ 3ರ ಮಗು ಅಂತಲೇ ಅನ್ನಿ. ಬೇಸರದ ಸಂಗತಿ ಏನೆಂದರೆ, ಯಾರನ್ನೂ ಮನಬಂದಂತೆ ಬಂಧಿಸಬಾರದು ಅನ್ನುವ ಆಫ್ರಿಕಾದ ಮಾನವ ಹಕ್ಕುಗಳ ಒಪ್ಪಂದವನ್ನು ನೈಜೀರಿಯಾ 1983ರಲ್ಲಷ್ಟೇ ತನ್ನ ಕಾನೂನಾಗಿ ಮಾಡಿಕೊಂಡಿತ್ತು.

1985ರ ಆಗಸ್ಟ್ 27. ಬುಹಾರಿಯವರ ಸೇನಾ ಮುಖ್ಯಸ್ಥರೇ ಆಗಿದ್ದ ಇಬ್ರಾಹಿಂ ಬಾಬಂಗಿಡಾ ದಂಗೆ ಮಾಡಿದರು. ಬುಹಾರಿಯವರನ್ನು ಬೆನಿನ್ ಸಿಟಿಯಲ್ಲಿ ಕಾವಲಿನ ಒಂದು ಮನೆಯಲ್ಲಿ ಇಟ್ಟರು. ಇಡಿಯಾಗ್ಬೊನ್ ಆಗ ಹಜ್ ಯಾತ್ರೆಗೆ ಮೆಕ್ಕಾಗೆ ಹೋಗಿದ್ದರು. ಅಲ್ಲೇ ಉಳಿದುಬಿಡಬಹುದಿತ್ತು, ಉಳಿಯಲಿಲ್ಲ, ವಾಪಸ್ ಬಂದರು, ಅವರನ್ನೂ ಹಿಡಿದರು. ಇಬ್ಬರ ಮೇಲೂ ಕೇಸು ಹಾಕಲಿಲ್ಲ. ಬುಹಾರಿ ಹೊರಗೆ ಬಂದದ್ದು 1988ರ ಡಿಸೆಂಬರ್‌ನಲ್ಲಿ, ನಲವತ್ತು ತಿಂಗಳ ಮೇಲೆ. ಅವರು ಒಳಗಿದ್ದಾಗಲೇ ತಾಯಿ ತೀರಿಕೊಂಡರು.

ಮಾಡಿದ್ದುಣ್ಣೋ ಮಹಾರಾಯ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಡಿಕ್ರಿಯಿಂದ ನರಳಿದವರಿಗೆ ಅವರು ನಲವತ್ತು ತಿಂಗಳು ಒಳಗಿದ್ದದ್ದರಿಂದ ಏನು ಸಿಕ್ಕಿತು? ಅವರ ಕಾಲದಲ್ಲಿ ಯಾರನ್ನು ಯಾಕೆ ಹಿಡಿದರು ಅನ್ನುವ ಲೆಕ್ಕ ಯಾವ ಕೋರ್ಟಿನಲ್ಲಾದರೂ ತೆರೆಯಿತಾ? ಬಾಬಂಗಿಡಾ ಅಧಿಕಾರಕ್ಕೆ ಬಂದ ಕೂಡಲೇ ಪತ್ರಕರ್ತರನ್ನು ಜೈಲಿಗೆ ಹಾಕುತ್ತಿದ್ದ ಡಿಕ್ರಿ 4 ರದ್ದು ಮಾಡಿದರು, ಜನ ಸಂತೋಷಪಟ್ಟರು. ಡಿಕ್ರಿ 2 ಮಾತ್ರ ಹಾಗೇ ಇಟ್ಟುಕೊಂಡರು. ಅವರ ನಂತರದ ಸಾನಿ ಅಬಾಚಾ ಕೂಡ ಅದನ್ನು ಬಳಸಿದರು. ಹಿಡಿಯುವವರು ಬದಲಾದರು, ಒಳಗೆ ಹೋಗುವವರು ಬದಲಾದರು, ಆ ಕಾಗದ ಮಾತ್ರ ಅಲ್ಲೇ ಇತ್ತು.

ಇದೇ ಬುಹಾರಿ 2015ರಲ್ಲಿ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷರಾದರು, ಎರಡು ಅವಧಿ ಮುಗಿಸಿದರು, 2025ರ ಜುಲೈನಲ್ಲಿ ತೀರಿಕೊಂಡರು.

ಪ್ರಶ್ನೆ: ಟರ್ಕಿಯಲ್ಲಿ 2016ರಲ್ಲಿ ದಂಗೆ ಸೋತ ಮೇಲೆ ಸಾವಿರಾರು ಜನರನ್ನು ಹಿಡಿದರಲ್ಲ, ಅಂಥ ಹೊತ್ತಿನಲ್ಲಿ ಕೂಡಲೇ ಚಾರ್ಜ್ ಹಾಕು ಅಂದರೆ ಆಗುವ ಮಾತೇ? (ಹುಬ್ಬಳ್ಳಿ)

ಕೂಡಲೇ ಆಗುವುದಿಲ್ಲ, ಒಪ್ಪುತ್ತೇನೆ. ಜುಲೈ 15ರ ಆ ರಾತ್ರಿ ವಿಮಾನಗಳು ಪಾರ್ಲಿಮೆಂಟಿನ ಮೇಲೇ ಬಾಂಬು ಹಾಕಿದ್ದವು. ಯಾರು ಆಜ್ಞೆ ಕೊಟ್ಟವನು, ಯಾರು ತರಬೇತಿ ಅಂತ ನಂಬಿ ಬಸ್ಸು ಹತ್ತಿದ ಹುಡುಗ ಅಂತ ಬೇರೆ ಮಾಡಲು ಸಮಯ ಬೇಕು. ಅದಕ್ಕೇ ಎಲ್ಲಾ ದೇಶದ ಕಾನೂನೂ ಸ್ವಲ್ಪ ಸಮಯ ಕೊಡುತ್ತದೆ. ಆದರೆ ಟರ್ಕಿ ಸರ್ಕಾರ ಜುಲೈ 23ರ ಆಜ್ಞೆಯಲ್ಲಿ ನ್ಯಾಯಾಧೀಶರ ಮುಂದೆ ನಿಲ್ಲಿಸದೆ 30 ದಿನ ಇಟ್ಟುಕೊಳ್ಳಬಹುದು ಅಂತ ಮಾಡಿತು. ಹಿಂಸೆ ನಡೆಯುವುದು ಆ ಮೊದಲ ದಿನಗಳಲ್ಲೇ. ಮರುವರ್ಷದ ಜನವರಿಯಲ್ಲಿ ಅದನ್ನು ಏಳು ದಿನಕ್ಕೆ ಇಳಿಸಿದರು, ಬೇಕಿದ್ದರೆ ಇನ್ನೊಂದು ಏಳು. ಏಳು ದಿನ ಸಾಕಾಗುತ್ತದೆ ಅಂತಾದರೆ ಮೊದಲು ಮೂವತ್ತು ಯಾಕೆ ಬೇಕಿತ್ತು? ಸೈನ್ಯ ಗೆದ್ದರೂ ಚುನಾಯಿತ ಸರ್ಕಾರ ಗೆದ್ದರೂ ಈ ಪ್ರಶ್ನೆ ಒಂದೇ.

ಪ್ರಶ್ನೆ: ಇದೆಲ್ಲ ಆಫ್ರಿಕಾದ ಕಥೆ. ನಮ್ಮಲ್ಲಿ ಸೈನ್ಯ ಯಾವತ್ತೂ ಅಧಿಕಾರಕ್ಕೆ ಬಂದಿಲ್ಲ, ಬರುವುದೂ ಇಲ್ಲ. ನಮಗೇಕೆ ಈ ಚಿಂತೆ? (ಬೆಂಗಳೂರು)

ಸೈನ್ಯ ಬಂದಿಲ್ಲ, ನಿಜ, ಅದು ನಮ್ಮ ಸೈನ್ಯದ ದೊಡ್ಡತನ. ಆದರೆ ಕೇಸು ಹಾಕದೆ ಒಳಗಿಡಲು ಸೈನ್ಯವೇ ಬೇಕು ಅಂತ ಇಲ್ಲ. ನಿಮ್ಮ ಊರಿನ ಫ್ರೀಡಂ ಪಾರ್ಕ್‌ಗೆ ಹೋಗಿದ್ದೀರಾ? ಗಾಂಧಿನಗರದ ಹತ್ತಿರ ಇದೆ, ಅದು ಮೊದಲು ಸೆಂಟ್ರಲ್ ಜೈಲು. 1975ರ ಜೂನ್ 26ರಂದು, ತುರ್ತುಪರಿಸ್ಥಿತಿ ಬಂದ ಬೆಳಗ್ಗೆ, ಪಾರ್ಲಿಮೆಂಟ್ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಹಿಡಿದು ಇಟ್ಟದ್ದು ಅಲ್ಲೇ. ದೇಶದ ಒಳಗಿನ ಭದ್ರತೆ ಹೆಸರಿನ ಮೀಸಾ ಕಾನೂನು. ಯಾಕೆ ಹಿಡಿದಿರಿ ಅಂತ ಕೇಳುವ ಹಾಗಿರಲಿಲ್ಲ. ನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಅದೇ ಜೈಲಿನಲ್ಲಿ ಇಟ್ಟಿದ್ದರು. ಅವರಿಗೆ ಆಸ್ತಮಾ ಇತ್ತು. ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಹೇಬಿಯಸ್ ಕಾರ್ಪಸ್ ಅಂತ ಒಂದು ಅರ್ಜಿ ಇದೆ. ಹಿಡಿದವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಕಾರಣ ಹೇಳು ಅನ್ನುವ ಅರ್ಜಿ. 1976ರ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತುರ್ತುಪರಿಸ್ಥಿತಿ ಇರುವವರೆಗೆ ಆ ಅರ್ಜಿ ಹಾಕುವ ಹಾಗಿಲ್ಲ ಅಂದರು. ಎಚ್.ಆರ್. ಖನ್ನಾ ಒಬ್ಬರೇ ಆ ಮಾತು ಒಪ್ಪಲಿಲ್ಲ. ಆ ತೀರ್ಪನ್ನು ಸುಪ್ರೀಂ ಕೋರ್ಟು ತಪ್ಪು ಅಂತ ತಳ್ಳಿಹಾಕಿದ್ದು 2017ರಲ್ಲಿ, ಖಾಸಗಿತನದ ಹಕ್ಕಿನ ಕೇಸಿನಲ್ಲಿ. ಖಾಸಗಿತನದ ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 41 ವರ್ಷ ಬೇಕಾಯಿತು. ಹಾಗಾಗಿ ಇದು ದೂರದ ಕಥೆ ಅಂತ ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಜೈಲಿನಲ್ಲಿರುವವನಿಗೆ ಶಿಕ್ಷೆ ಎಷ್ಟು ದಿನ ಅಂತ ಗೊತ್ತಿರುವುದಕ್ಕೂ ಗೊತ್ತಿಲ್ಲದೆ ಇರುವುದಕ್ಕೂ ಅಷ್ಟು ವ್ಯತ್ಯಾಸ ಇದೆಯಾ? (ಕಾನೂನು ವಿದ್ಯಾರ್ಥಿ, ಕಲಬುರಗಿ)

ಇದೆ ತಮ್ಮಾ. ಶಿಕ್ಷೆ ಆದವನು ಗೋಡೆ ಮೇಲೆ ಗೆರೆ ಎಳೆದು ದಿನ ಕಳೆಯಬಹುದು. ಕೇಸೇ ಇಲ್ಲದವನು ಯಾವುದರಿಂದ ಕಳೆಯಬೇಕು? ಮನೆಯವರು ವಕೀಲರ ಹತ್ತಿರ ಹೋದರೆ ಯಾವ ಸೆಕ್ಷನ್ ಅಂತ ಕೇಳುತ್ತಾರೆ, ಸೆಕ್ಷನ್ನೇ ಇಲ್ಲ. ಜಾಮೀನು ಕೇಳಲು ಅಪರಾಧದ ಹೆಸರು ಬೇಕು, ಅದೂ ಇಲ್ಲ. ಮಕ್ಕಳು ಶಾಲೆಯಲ್ಲಿ ಅಪ್ಪ ಏನು ಮಾಡಿದರು ಅಂತ ಕೇಳಿದರೆ ಹೇಳಲು ಮಾತಿಲ್ಲ.

ಸೇನಾಧಿಕಾರಿ ಅಲ್ಲದ ಒಬ್ಬರ ಉದಾಹರಣೆ ಕೊಡುತ್ತೇನೆ. ಲೇಖಕ ವೋಲೆ ಸೊಯಿಂಕಾ. ಯುದ್ಧ ತಪ್ಪಿಸಲು ಓಡಾಡಿದರು, ಪೂರ್ವಕ್ಕೆ ಹೋಗಿ ಓಜುಕ್ವು, ಬಾಂಜೊ ಅವರನ್ನು ಕಂಡು ಮಾತಾಡಿ ಬಂದರು ಅನ್ನುವ ಕಾರಣಕ್ಕೆ ಗೋವನ್ ಸರ್ಕಾರ 1967ರಲ್ಲಿ ಅವರನ್ನು ಹಿಡಿಯಿತು. ಕೇಸು ಇಲ್ಲ. ಎರಡು ವರ್ಷಕ್ಕೂ ಜಾಸ್ತಿ, ಅದರಲ್ಲಿ ಹೆಚ್ಚಿನ ಕಾಲ ಒಂಟಿ ಕೋಣೆ. ಕಾಗದ ಕೊಡುತ್ತಿರಲಿಲ್ಲ. ಪುಸ್ತಕದ ಸಾಲುಗಳ ನಡುವೆ, ಟಾಯ್ಲೆಟ್ ಕಾಗದದ ಮೇಲೆ ಬರೆದರು. 1986ರಲ್ಲಿ ಅವರಿಗೆ ನೊಬೆಲ್ ಬಂತು. ಅವರಿಗೆ ಬರೆಯಲು ಬರುತ್ತಿತ್ತು, ಹಾಗಾಗಿ ನಮಗೆ ಗೊತ್ತಾಯಿತು. ಬರೆಯಲು ಬಾರದ ಎಷ್ಟು ಕ್ಯಾಪ್ಟನ್‌ಗಳು, ಸಾರ್ಜೆಂಟ್‌ಗಳು ಅಂಥ ಕೋಣೆಗಳಲ್ಲಿ ಕೂತಿದ್ದರೋ.

ಪ್ರಶ್ನೆ: ಕೊನೆಗಾದರೂ ವಿಚಾರಣೆ ನಡೆಯಿತಾ? (ಅದೇ ಸೋಮವಾರಪೇಟೆಯ ಸುಬೇದಾರರ ಮಗಳು, ಪತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದದ್ದು)

ಇಲ್ಲ ಮಗಳೇ. ಯುದ್ಧ ಮುಗಿದ ಮೇಲೂ, ಬದುಕಿ ಉಳಿದಿದ್ದ ಜನವರಿ ದಂಗೆಯ ಕೆಲವು ಅಧಿಕಾರಿಗಳನ್ನು ಮತ್ತೆ ವರ್ಷಗಟ್ಟಲೆ ಒಳಗಿಟ್ಟು ಆಮೇಲೆ ಬಿಟ್ಟರು, ಆಗಲೂ ಆ ರಾತ್ರಿಯ ಕೊಲೆಗಳ ವಿಚಾರಣೆ ಆಗಲಿಲ್ಲ. 1999ರಲ್ಲಿ ಮತ್ತೆ ಪ್ರಜಾಪ್ರಭುತ್ವ ಬಂದಾಗ ಅಧ್ಯಕ್ಷರಾದ ಒಬಸಾಂಜೊ, ಅಬಾಚಾ ಕಾಲದಲ್ಲಿ ಗುಟ್ಟಿನ ಸೇನಾ ನ್ಯಾಯಮಂಡಳಿಯಿಂದ ಶಿಕ್ಷೆಯಾಗಿ ಜೈಲು ಕಂಡು ಬಂದವರು. ಅವರ ಜೊತೆ ಅದೇ ಕೇಸಿನಲ್ಲಿ ಒಳಗೆ ಹೋದ ಶೆಹು ಯಾರ್‌ಅದುವಾ ಅಬಾಕಲಿಕಿ ಜೈಲಿನಲ್ಲೇ 1997ರಲ್ಲಿ ತೀರಿಕೊಂಡಿದ್ದರು. ಒಬಸಾಂಜೊ ಹಳೆಯ ಸೇನಾ ಆಡಳಿತಗಳ ಅನ್ಯಾಯ ಕೇಳಲು ನ್ಯಾಯಮೂರ್ತಿ ಒಪುಟಾ ಅವರ ಮುಂದಾಳತ್ವದಲ್ಲಿ ಆಯೋಗ ಮಾಡಿದರು. ಹಿಂಸೆ ಅನುಭವಿಸಿದ ಸೇನಾಧಿಕಾರಿಗಳು ಅದರ ಮುಂದೆ ಬಂದು, ಟಿವಿ ಕ್ಯಾಮರಾ ಎದುರೇ ತಮಗೆ ಏನು ಮಾಡಿದರು ಅಂತ ಹೇಳಿದರು. ಬಾಬಂಗಿಡಾ ಬರಲಿಲ್ಲ. ಬುಹಾರಿಯವರೂ ಬರಲಿಲ್ಲ, ನಲವತ್ತು ತಿಂಗಳು ಕಾರಣ ಕೇಳದೆ ಕೂತಿದ್ದವರು.

ನೈಜೀರಿಯಾದಲ್ಲಿ ಪ್ರತಿ ವರ್ಷ ಜನವರಿ 15ರಂದು ಸತ್ತ ಸೈನಿಕರ ನೆನಪಿನ ದಿನ ಆಚರಿಸುತ್ತಾರೆ. 1970ರಲ್ಲಿ ಬಿಯಾಫ್ರಾ ಯುದ್ಧ ಮುಗಿದ ತಾರೀಖು ಅದು. ದಂಗೆಯ ತಾರೀಖೂ ಅದೇ. ರಾಜಧಾನಿ ಅಬುಜಾದಲ್ಲಿ ಅಧ್ಯಕ್ಷರು ಹೂವಿನ ಚಕ್ರ ಇಡುತ್ತಾರೆ, ಪಾರಿವಾಳ ಹಾರಿಸುತ್ತಾರೆ. ಬ್ರಿಗೇಡಿಯರ್ ಅಡೆಮುಲೆಗುನ್ ಅವರಿಗೂ ಅವರ ಹೆಂಡತಿಗೂ ವರ್ಷದ ತಿಥಿ ಅದೇ ದಿನ. ನಿಮ್ಮ ತಂದೆಗೆ ಇದನ್ನು ಓದಿ ಹೇಳಿ.